ಗಲ್ಲಾ ಖಾಲಿ ಇಟ್ಟುಕೊಂಡವನೇ ಸಾಹುಕಾರ: ಏಜ್ ಆಫ್ ಎಂಪೈರ್ಸ್ 2 ಡೆಫಿನಿಟಿವ್ ಎಡಿಷನ್

ನಮ್ಮಪ್ಪನದು ತಿಪಟೂರಿನಲ್ಲಿ ದಿನಸಿ ಅಂಗಡಿ. ಸಂಜೆ ಗಲ್ಲಾ ಎಣಿಸುವಾಗ ದುಡ್ಡು ಜಾಸ್ತಿ ಕಂಡರೆ ಅವರಿಗೆ ಖುಷಿ ಆಗುತ್ತಿರಲಿಲ್ಲ, ತಲೆಬಿಸಿ ಆಗುತ್ತಿತ್ತು. 'ಇದು ಇಲ್ಲಿ ಯಾಕೆ ಕೂತಿದೆ? ಇದರಲ್ಲಿ ಎರಡು ಮೂಟೆ ಸಕ್ಕರೆ ಬರ್ತಿತ್ತಲ್ಲ' ಅಂತ ಗೊಣಗುತ್ತಿದ್ದರು. ಆ ಗೊಣಗಾಟ ನನಗೆ ಅರ್ಥವಾಗಿದ್ದು ಅಂಗಡಿಯಲ್ಲಿ ಅಲ್ಲ, ಒಂದು ಕಂಪ್ಯೂಟರ್ ಗೇಮಿನಲ್ಲಿ. ಅದೂ ನಲವತ್ತರ ಹತ್ತಿರ ಬಂದ ಮೇಲೆ.

ಏಜ್ ಆಫ್ ಎಂಪೈರ್ಸ್ 2 ಅಂದರೆ ಆಹಾರ, ಮರ, ಚಿನ್ನ, ಕಲ್ಲು ಕೂಡಿಸಿ ಊರು ಕಟ್ಟಿ, ಪಡೆ ಬೆಳೆಸಿ ಎದುರಾಳಿಯನ್ನು ಸೋಲಿಸುವ ಆಟ. ಮೊದಲು ಬಂದಿದ್ದು 1999ರಲ್ಲಿ. ನಾನು ಆಡಿದ್ದು ಅದಾದ ಮೂರ್ನಾಲ್ಕು ವರ್ಷಕ್ಕೆ, ಬಸ್ ಸ್ಟ್ಯಾಂಡ್ ಹಿಂದಿನ ಸೈಬರ್ ಸೆಂಟರಿನಲ್ಲಿ, ಗಂಟೆಗೆ 20 ರೂಪಾಯಿ ಕೊಟ್ಟು. ಆಗ ನಮ್ಮ ಆಟ ಒಂದೇ ಥರ. ಸುತ್ತ ಗೋಡೆ ಕಟ್ಟುವುದು, ಒಳಗೆ ಕೂತು ಚಿನ್ನ ಗುಡ್ಡೆ ಹಾಕುವುದು, ಬೇಜಾರಾದರೆ ಚೀಟ್ ಕೋಡ್ ಹೊಡೆದು ಮಧ್ಯಯುಗದ ರಸ್ತೆಯಲ್ಲಿ ನೀಲಿ ಕಾರು ಓಡಿಸುವುದು. ಅದೇ ಆಟದ ಹೊಸ ಆವೃತ್ತಿ, ಡೆಫಿನಿಟಿವ್ ಎಡಿಷನ್, 2019ರ ನವೆಂಬರಿನಲ್ಲಿ ಬಂತು. ನಾನು ಎರಡು ವರ್ಷದ ಹಿಂದೆ ಸೇಲ್ ಇದ್ದಾಗ ತೆಗೆದುಕೊಂಡೆ. ಹಳೇ ಬುದ್ಧಿಯಲ್ಲೇ ಗೋಡೆ ಕಟ್ಟಿ ಕೂತೆ. ಕಂಪ್ಯೂಟರ್ ಮಧ್ಯಮ ಮಟ್ಟದಲ್ಲೇ ನನ್ನನ್ನು ಚಚ್ಚಿ ಹಾಕಿತು. ಸೋಲುವಾಗ ನನ್ನ ಉಗ್ರಾಣದಲ್ಲಿ ಎರಡು ಸಾವಿರ ಮರ ಇತ್ತು. ಆ ಎರಡು ಸಾವಿರದ ಬಗ್ಗೆಯೇ ಈ ವಿಮರ್ಶೆ ಅಂದುಕೊಳ್ಳಿ. ಯುದ್ಧ, ಗ್ರಾಫಿಕ್ಸ್ ಎಲ್ಲ ಬೇರೆಯವರು ಬರೆದಿದ್ದಾರೆ. ಚೆನ್ನಾಗಿವೆ.

ಆಟ ಶುರುವಾದಾಗ ಸಾಮಾನ್ಯವಾಗಿ ಸಿಗುವುದು ಇಷ್ಟು: ಒಂದು ಟೌನ್ ಸೆಂಟರ್, ಅಂದರೆ ಆಡುವವರ ಬಾಯಲ್ಲಿ ಟಿಸಿ. ಮೂವರು ವಿಲೇಜರ್‌ಗಳು. ದಾರಿ ನೋಡಿಕೊಂಡು ಬರಲು ಒಬ್ಬ ಸ್ಕೌಟ್. ಕೈಯಲ್ಲಿ 200 ಆಹಾರ, 200 ಮರ, 100 ಚಿನ್ನ, 200 ಕಲ್ಲು. ವಿಲೇಜರ್‌ಗಳನ್ನು ನಾನು ಆಳು ಅಂತಲೇ ಕರೆಯುತ್ತೇನೆ, ನಾಲಿಗೆಗೆ ಹಗುರ.

ಹೊಸ ಆಳು ಹುಟ್ಟುವುದು ಟಿಸಿಯಲ್ಲಿ. ಒಬ್ಬ ಆಳಿಗೆ 50 ಆಹಾರ, ಆಟದ ಗಡಿಯಾರದಲ್ಲಿ 25 ಸೆಕೆಂಡ್. ಇಡೀ ಆಟದ ಬೀಗದ ಕೈ ಈ ಎರಡು ಅಂಕಿಯಲ್ಲಿದೆ. ಟಿಸಿ ಒಂದು ನಿಮಿಷ ಸುಮ್ಮನಿದ್ದರೆ ಇಬ್ಬರಿಗಿಂತ ಜಾಸ್ತಿ ಆಳು ಹೋದರು ಅಂತ ಲೆಕ್ಕ. ಹೋದದ್ದು ಆಳು ಮಾತ್ರ ಅಲ್ಲ, ಅವರು ಮುಂದಿನ ಅರ್ಧ ಗಂಟೆ ಕಡಿಯಬೇಕಿದ್ದ ಮರವೂ ಹೋಯಿತು. ಆಟದಲ್ಲಿ ಒಂದು ಯುಗದಿಂದ ಮುಂದಿನ ಯುಗಕ್ಕೆ ಏರುತ್ತಾ ಹೋಗಬೇಕು. ಎರಡನೆಯದಾದ ಫ್ಯೂಡಲ್ ಏಜಿಗೆ ಹೋಗಲು 500 ಆಹಾರ ಕೊಡಬೇಕು. ಅದು ಮುಗಿಯುವ 130 ಸೆಕೆಂಡ್ ಟಿಸಿಯಲ್ಲಿ ಹೊಸ ಆಳು ಹುಟ್ಟುವುದಿಲ್ಲ. ಹಾಗಾಗಿ ಗುಂಡಿ ಒತ್ತುವ ಮೊದಲೇ ಮನೆ ತುಂಬಿರಬೇಕು. ಚೆನ್ನಾಗಿ ಆಡುವವರು ಇಪ್ಪತ್ತರ ಆಸುಪಾಸು ಆಳುಗಳನ್ನು ಮಾಡಿಕೊಂಡು ಒತ್ತುತ್ತಾರೆ. ನಾನು ಮೊದಮೊದಲು ಹದಿನಾಲ್ಕಕ್ಕೇ ಒತ್ತಿ, ಬೇಗ ಬಂದೆ ಅಂತ ಬೀಗುತ್ತಿದ್ದೆ. ಬೇಗ ಬಂದು ಮಾಡುವುದೇನು, ಕೈಯಲ್ಲಿ ಕಾಸಿಲ್ಲ!

ಈ ಮೊದಲ ಹತ್ತು ನಿಮಿಷ ನನಗೆ ಯುದ್ಧಕ್ಕಿಂತ ಇಷ್ಟ. ಕುರಿ ಒಂದಕ್ಕೆ 100 ಆಹಾರ. ಆದರೆ ಒಟ್ಟಿಗೆ ನಾಲ್ಕು ಕಡಿದರೆ ಕೆಟ್ಟಿರಿ, ಸತ್ತ ಕುರಿ ಕೊಳೆಯುತ್ತಾ ಹೋಗುತ್ತದೆ. ಒಂದೊಂದಾಗಿ ಟಿಸಿಯ ಬುಡಕ್ಕೆ ತಂದು ಕಡಿಯಬೇಕು, ಆಳು ನಡೆಯುವ ದೂರ ಉಳಿಯುತ್ತದೆ. ಕಾಡುಹಂದಿಯಲ್ಲಿ 340 ಇದೆ, ಆದರೆ ಅದು ಟಿಸಿ ಹತ್ತಿರ ತಾನಾಗಿ ಬರುವುದಿಲ್ಲ. ಒಬ್ಬ ಆಳು ಹೋಗಿ ಬಾಣ ಬಿಟ್ಟು, ಅದು ಅಟ್ಟಿಸಿಕೊಂಡು ಬರುವಾಗ ಓಡಿ ಓಡಿ ಟಿಸಿಗೆ ತಲುಪಬೇಕು. ಅಲ್ಲಿ ಉಳಿದವರು ಕಾದಿರುತ್ತಾರೆ. ನನ್ನ ಮೊದಲ ವಾರದಲ್ಲಿ ಹಂದಿಗಳು ಎಷ್ಟು ಆಳುಗಳನ್ನು ತಿವಿದು ಹಾಕಿದವೋ! 50 ಚಿನ್ನ ಕೊಟ್ಟು ಲೂಮ್ ಕಲಿತರೆ ಆಳಿನ ಮೈ ಗಟ್ಟಿಯಾಗುತ್ತದೆ. ಆದರೆ ಅದಕ್ಕೂ ಟಿಸಿಯ 25 ಸೆಕೆಂಡ್ ಬೇಕು, ಒಬ್ಬ ಆಳು ಹುಟ್ಟುವಷ್ಟೇ ಹೊತ್ತು. ಜೀವ ಉಳಿಸಲೋ, ಇನ್ನೊಂದು ಜೀವ ಹುಟ್ಟಿಸಲೋ? ಇಂಥ ಸಣ್ಣ ಸಣ್ಣ ಇಕ್ಕಟ್ಟಿನಲ್ಲೇ ಈ ಆಟದ ರುಚಿ ಇರುವುದು.

ಮರ ಕಡಿಯುವುದೂ ಹಾಗೇ. ಕಡಿದ ಮರ ತಂದು ಹಾಕುವ ಲಂಬರ್ ಕ್ಯಾಂಪಿಗೆ 100 ಮರ. ಕಡಿಯುತ್ತಾ ಹೋದಂತೆ ಕಾಡು ಹಿಂದೆ ಸರಿಯುತ್ತದೆ, ಆಳುಗಳು ಕೊಡಲಿಗಿಂತ ಕಾಲನ್ನೇ ಜಾಸ್ತಿ ಬಳಸುತ್ತಾರೆ. ಆಗ ಇನ್ನೊಂದು ಕ್ಯಾಂಪ್ ಕಟ್ಟಲು 100 ಮರ ಕೊಡುವುದಕ್ಕೆ ನನಗೆ ಹೊಟ್ಟೆ ಉರಿಯುತ್ತಿತ್ತು. ಈಗ ಉರಿಯುವುದಿಲ್ಲ. ಅಂಗಡಿಯಲ್ಲಿ ಬೇಳೆ ಡಬ್ಬ ಹಿಂದಿನ ಕೋಣೆಯಲ್ಲಿದ್ದರೆ ಗಿರಾಕಿ ಎಷ್ಟು ಹೊತ್ತು ನಿಲ್ಲುತ್ತಾನೆ, ನೀವೇ ಹೇಳಿ.

ಇನ್ನು ಆ 200 ಕಲ್ಲು. ಅದು ಸುಮ್ನೆ ಕೊಟ್ಟ ಅಂಕಿ ಅಲ್ಲ ಅಂತ ಹೊಳೆಯಲು ನನಗೆ ತಿಂಗಳು ಬೇಕಾಯಿತು. ಫ್ಯೂಡಲ್ ಆದ ಮೇಲಿನ ಕ್ಯಾಸಲ್ ಏಜಿಗೆ ಬಂದ ಮೇಲೆ ಹೊಸ ಟಿಸಿ ಕಟ್ಟಬಹುದು. ಒಂದಕ್ಕೆ 275 ಮರ, 100 ಕಲ್ಲು. ಅಂದರೆ ಕಲ್ಲು ಮುಟ್ಟದೆ ಇಟ್ಟುಕೊಂಡಿದ್ದರೆ ಸರಿಯಾಗಿ ಎರಡು ಟಿಸಿ ಏಳುತ್ತವೆ, ಒಟ್ಟು ಮೂರು. ನಾನೋ, ಹೆದರಿಕೊಂಡು ಮೊದಲೇ ಒಂದು ವಾಚ್ ಟವರ್ ಕಟ್ಟಿ 125 ಕಲ್ಲು ಸುರಿದಿರುತ್ತಿದ್ದೆ. ಲೆಕ್ಕ ನೋಡಿ. ಒಟ್ಟು ಜನ 200ರ ಮಿತಿ, ಅದರಲ್ಲಿ ಸುಮಾರು 120 ಆಳು ಇರಲಿ ಅನ್ನುತ್ತಾರೆ ಬಲ್ಲವರು. ಒಂದೇ ಟಿಸಿಯಿಂದ ಅಷ್ಟು ಆಳು ಬರಲು 48 ನಿಮಿಷ ದಾಟುತ್ತದೆ. ಅಷ್ಟು ಹೊತ್ತಿಗೆ ಎದುರಾಳಿ ನಿಮ್ಮ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿರುತ್ತಾನೆ. ಮೂರು ಟಿಸಿ ಎಬ್ಬಿಸಿ ಆಳುಗಳನ್ನು ಸುರಿಸುವುದಕ್ಕೆ ಆಟದವರು 'ಬೂಮ್' ಅನ್ನುತ್ತಾರೆ.

ಬೂಮ್ ಅಂದರೆ ಹೊಟ್ಟೆಗೂ ಬೇಕಲ್ಲ. ಒಂದು ಟಿಸಿ ನಿಲ್ಲದೆ ನಡೆಯಲು ಆರೇಳು ಹೊಲ ಬೇಕು, ಮೂರಕ್ಕೆ ಇಪ್ಪತ್ತು. ಹೊಲ ಒಂದಕ್ಕೆ 60 ಮರ, ಅಲ್ಲಿಗೆ 1,200 ಮರ. ಅನ್ನ ಬೇಕಾದರೆ ಮೊದಲು ಕಾಡಿಗೆ ಹೋಗು ಅಂತ ಆಟ ಹೇಳುವುದು ಹೀಗೆ. ಹಳೇ ಆಟದಲ್ಲಿ ಹೊಲ ಬರಿದಾದಾಗ ಹುಡುಕಿ ಹುಡುಕಿ ಮತ್ತೆ ಬಿತ್ತಬೇಕಿತ್ತು, ಪ್ರಾಣ ಹೋಗುತ್ತಿತ್ತು. ಈಗ ಮಿಲ್ಲಿನಲ್ಲಿ ಒಂದು ಗುಂಡಿ ಒತ್ತಿದರೆ ತಾನೇ ಬಿತ್ತಿಕೊಳ್ಳುತ್ತದೆ. ಹೊಸ ಆವೃತ್ತಿಗೆ ಕೊಟ್ಟ ದುಡ್ಡು ಈ ಒಂದು ಗುಂಡಿಗೇ ಸರಿಹೋಯಿತು.

ನನ್ನ ಮಗನಿಗೆ ಹನ್ನೊಂದು ವರ್ಷ. ಮೊನ್ನೆ ಕರೆದು ತೋರಿಸಿದ: 'ಅಪ್ಪಾ, ನೋಡು ನನ್ನ ಹತ್ರ 1,900 ಆಹಾರ ಇದೆ!' ಫ್ಯೂಡಲ್‌ನಲ್ಲೇ ಇದ್ದ, ಟಿಸಿ ಮಲಗಿತ್ತು. ಏನೂ ಕೂಡಿಡಬಾರದು ಅಂತಲ್ಲ. ಕ್ಯಾಸಲ್ ಏಜಿಗೆ 800 ಆಹಾರ, 200 ಚಿನ್ನ ಬೇಕು, ಅದನ್ನು ಕೂಡಿಡಲೇಬೇಕು. ನಮ್ಮಪ್ಪನೂ ಗೌರಿ ಹಬ್ಬದ ಬೆಲ್ಲಕ್ಕೆ ಅಂತ ದುಡ್ಡು ತೆಗೆದಿಡುತ್ತಿದ್ದರು. ಆದರೆ ಯಾವುದಕ್ಕೆ ಅಂತ ಗೊತ್ತಿಲ್ಲದ 1,900 ಬರೀ ಅಂಕಿ. ಹೇಳಿದೆ. ಅವನಿಗೆ ಸಿಟ್ಟು ಬಂತು.

ಮಾರ್ಕೆಟ್ ಒಂದು ತಮಾಷೆ. ಶುರುವಿನಲ್ಲಿ 100 ಮರ ಮಾರಿದರೆ 70 ಚಿನ್ನ ಸಿಗುತ್ತದೆ, ಅದೇ 100 ಮರ ಕೊಳ್ಳಲು ಹೋದರೆ 130. ನಡುವೆ ದಲ್ಲಾಳಿ ತಿನ್ನುವುದು ಎರಡೂ ಕಡೆ ನೂರಕ್ಕೆ 30. ಮಾರುತ್ತಾ ಹೋದಂತೆ ರೇಟು ಇಳಿಯುತ್ತದೆ, ಕೊಳ್ಳುತ್ತಾ ಹೋದಂತೆ ಏರುತ್ತದೆ. ಕೊಬ್ಬರಿ ಮಂಡಿ ನೋಡಿದವರಿಗೆ ಇದನ್ನು ವಿವರಿಸುವುದೇ ಬೇಡ. ಆಡಲು ಆರಿಸಿಕೊಳ್ಳಬಹುದಾದ ಜನಾಂಗಗಳಲ್ಲಿ ಸಾರಾಸೆನ್ ಪಡೆಯವರಿಗೆ ಮಾತ್ರ ಕಮಿಷನ್ ಬರೀ 5. ಅವರನ್ನು ಆಡಿದರೆ ಮಂಡಿಯಲ್ಲೇ ಕೂತು ಬದುಕಬಹುದು. ರೆಲಿಕ್‌ಗಳೂ, ಅಂದರೆ ಪವಿತ್ರ ವಸ್ತುಗಳೂ ಇವೆ. ಮಠಕ್ಕೆ ಒಂದು ತಂದಿಟ್ಟರೆ ನಿಮಿಷಕ್ಕೆ 30 ಚಿನ್ನ ಬರುತ್ತಿರುತ್ತದೆ, ಎಫ್‌ಡಿ ಬಡ್ಡಿ ಥರ.

2022ರಲ್ಲಿ ಬಂದ ಡೈನಾಸ್ಟೀಸ್ ಆಫ್ ಇಂಡಿಯಾ ಅನ್ನುವ ಹೆಚ್ಚುವರಿ ಕಂತನ್ನು ಬೇರೆ ದುಡ್ಡು ಕೊಟ್ಟು ಕೊಳ್ಳಬೇಕು. ಅದರಲ್ಲಿ ದ್ರಾವಿಡರಿದ್ದಾರೆ. ಪ್ರತಿ ಏಜ್ ಏರಿದಾಗ ಅವರಿಗೆ 200 ಮರ ಪುಕ್ಕಟೆ, ಅಂದರೆ ಮೂರು ಹೊಲ, ಮೇಲೆ 20. ಆದರೆ ನೈಟ್ ಕುದುರೆಪಡೆ ಇಲ್ಲ, ಬಯಲಿನಲ್ಲಿ ಒದ್ದಾಡಬೇಕು. ಆಳುಗಳು ಮಾತಾಡುವುದು ತಮಿಳು. ಕಥೆಯೂ ರಾಜೇಂದ್ರ ಚೋಳನದು. ಅವರ ವಂಡರ್, ಅಂದರೆ ಆ ಜನಾಂಗದ ಹೆಮ್ಮೆಯ ಮಹಾ ಕಟ್ಟಡ, ನೋಡಿದಾಗ ನನಗೆ ಸೋಮನಾಥಪುರ ನೆನಪಾಗಿ ಸ್ವಲ್ಪ ಸಮಾಧಾನವಾಯಿತು. ಅದೇ ಕಂತಿನ ಗುರ್ಜರರದ್ದು ಇನ್ನೂ ಸೊಗಸು. ಕುರಿಯನ್ನು ಕಡಿಯದೆ ಮಿಲ್ಲಿನೊಳಗೆ ಬಿಟ್ಟರೆ ಅದು ನಿಧಾನಕ್ಕೆ ಆಹಾರ ಕೊಡುತ್ತಲೇ ಇರುತ್ತದೆ. ಹಾಲು ಕರೆಯುವ ಮನೆಯಲ್ಲಿ ಬೆಳೆದವರು ಯಾರೋ ಇದನ್ನು ಯೋಚಿಸಿರಬೇಕು.

ಇಷ್ಟವಾಗದ್ದು? ಕಥೆಯ ಕಂತುಗಳಲ್ಲಿ ಕಾದಾಟ ಕಲಿಯುತ್ತೀರಿ, ಮನೆವಾರ್ತೆ ಕಲಿಯುವುದಿಲ್ಲ. ಅದಕ್ಕೆ ಆರ್ಟ್ ಆಫ್ ವಾರ್ ಅನ್ನುವ ಪಾಠಗಳಿವೆ, ಕಂಚು ಬೆಳ್ಳಿ ಚಿನ್ನದ ಪದಕ ಕೊಡುತ್ತವೆ. ಮೊದಲು ಅಲ್ಲಿಗೇ ಹೋಗಿ. ನನಗೆ ಬೂಮ್ ಪಾಠದಲ್ಲಿ ಇನ್ನೂ ಬೆಳ್ಳಿಯೇ. ಹಿಂದಿಯಲ್ಲಿ ಆಡಬಹುದು, ಕನ್ನಡ ಇಲ್ಲ. ಆನ್‌ಲೈನಿನಲ್ಲಿ ಎದುರು ಸಿಗುವವರು ಹತ್ತಿಪ್ಪತ್ತು ವರ್ಷದಿಂದ ಇದನ್ನೇ ಆಡುತ್ತಿದ್ದಾರೆ, ಮೊದಲ ಹತ್ತು ಪಂದ್ಯ ಸೋಲಿಗೆ ಬರೆದಿಡಿ. ಪೂರ್ತಿ ಬೆಲೆ ಕೊಡಬೇಡಿ, ಸೇಲ್ ಬರುತ್ತಲೇ ಇರುತ್ತದೆ.

ಹೋದ ವಾರ ಅಪ್ಪ ಮನೆಗೆ ಬಂದಿದ್ದರು. ರಾತ್ರಿ ಊಟವಾದ ಮೇಲೆ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಇದೇನು ಆಟ ಅಂತ ಕೇಳಲಿಲ್ಲ. ನಾನು ನಲವತ್ತು ನೈಟ್‌ಗಳನ್ನು ಹೊರಡಿಸಿ ಎದುರಾಳಿಯ ಕೋಟೆ ಒಡೆಯುತ್ತಿದ್ದೆ. ಸ್ವಲ್ಪ ಹೊತ್ತು ನೋಡಿ, ಕನ್ನಡಕ ಸರಿಮಾಡಿಕೊಂಡು, ನನ್ನ ಊರಿನ ಮೂಲೆಯತ್ತ ಬೆರಳು ತೋರಿಸಿದರು.

'ಆ ಮರದ ಹತ್ರ ಒಬ್ಬ ನಿಂತಿದ್ದಾನಲ್ಲ, ಅವನಿಗೆ ಕೆಲಸ ಇಲ್ವಾ?'