ಡಾಯ್ಚ್‌ಲಾಂಡ್ ಟಿಕೆಟ್: ಎರಡು ತಿಂಗಳು, ಇಬ್ಬರು ಪುಟ್ಟ ಮಕ್ಕಳು, ನಾಲ್ಕು ಸ್ನೇಹಿತರ ಮನೆ

2025ರ ಏಪ್ರಿಲ್ ಮತ್ತು ಮೇ, ಎರಡೂ ತಿಂಗಳು ನಾವು ಜರ್ಮನಿಯಲ್ಲಿದ್ದೆವು. ನಾನು, ನನ್ನ ಗಂಡ, ಐದೂವರೆ ವರ್ಷದ ಮಗಳು, ಎರಡು ವರ್ಷ ತುಂಬಿದ ಮಗ. ಊರು ನೋಡುವುದಕ್ಕಿಂತ ಜನರನ್ನು ನೋಡಬೇಕಿತ್ತು. ಮೈಸೂರಿನ ಹಾಸ್ಟೆಲ್‌ನಲ್ಲಿ ನಾಲ್ಕು ವರ್ಷ ನನ್ನ ರೂಮಿನಲ್ಲೇ ಇದ್ದವಳು ಈಗ ಮ್ಯೂನಿಕ್‌ನಲ್ಲಿದ್ದಾಳೆ. ನನ್ನ ಗಂಡನ ಕ್ಲಾಸ್‌ಮೇಟ್ ಎರ್ಲಾಂಗೆನ್‌ನಲ್ಲಿ. ಬೆಂಗಳೂರಿನ ಆಫೀಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ ಗೆಳತಿ ಸ್ಟುಟ್‌ಗಾರ್ಟ್ ಹತ್ತಿರದ ಎಸ್ಲಿಂಗೆನ್‌ನಲ್ಲಿ. ಇನ್ನೊಬ್ಬ ಸ್ನೇಹಿತ ಹ್ಯಾಂಬರ್ಗ್‌ನಲ್ಲಿ. ಬನ್ನಿ ಬನ್ನಿ ಅಂತ ವರ್ಷಗಟ್ಟಲೆ ಕರೆಯುತ್ತಲೇ ಇದ್ದರು. ಮಗಳು ಒಂದನೇ ಕ್ಲಾಸಿಗೆ ಸೇರುವುದರೊಳಗೆ ಹೋಗಿಬರೋಣ ಅಂತ ಹೊರಟೆವು.

ಅಷ್ಟೂ ದಿನ ನಮ್ಮ ಜೊತೆಗಿದ್ದದ್ದು ಡಾಯ್ಚ್‌ಲಾಂಡ್ ಟಿಕೆಟ್. ಅಲ್ಲಿಯವರು ಚುಟುಕಾಗಿ ಡಿ-ಟಿಕೆಟ್ ಅನ್ನುತ್ತಾರೆ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವವರು ಇದರ ಬಗ್ಗೆ ನನ್ನನ್ನು ತುಂಬ ಕೇಳಿದ್ದಾರೆ. ಹಾಗಾಗಿ ಎರಡು ತಿಂಗಳ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಇದೇನು ಅಂತ ಹೇಳಿಬಿಡುತ್ತೇನೆ. ತಿಂಗಳಿಗೆ ಒಂದೇ ದುಡ್ಡು. ಇಡೀ ಜರ್ಮನಿಯಲ್ಲಿ ಸಿಟಿ ಬಸ್ಸು, ಟ್ರಾಮು, ಮೆಟ್ರೋ, ಲೋಕಲ್ ರೈಲು, ಊರಿಂದೂರಿಗೆ ಓಡುವ ಪ್ರಾದೇಶಿಕ ರೈಲು, ಎಲ್ಲದಕ್ಕೂ ನಡೆಯುತ್ತದೆ. 2023ರ ಮೇ 1ರಂದು ಶುರುವಾದಾಗ 49 ಯೂರೋ ಇತ್ತು. ನಾವು ಹೋದಾಗ 58 ಯೂರೋ. 2026ರ ಜನವರಿಯಿಂದ 63 ಆಗಿದೆ. ವೇಗದ ಐಸಿಇ, ಐಸಿ, ಇಸಿ ರೈಲುಗಳಿಗೆ ನಡೆಯುವುದಿಲ್ಲ. ಆರು ವರ್ಷ ತುಂಬದ ಮಕ್ಕಳಿಗೆ ಟಿಕೆಟ್ಟೇ ಬೇಡ. ನಮ್ಮಿಬ್ಬರಿಗೆ ಎರಡು ತಿಂಗಳಿಗೆ ಒಟ್ಟು 232 ಯೂರೋ, ಆಗಿನ ಲೆಕ್ಕದಲ್ಲಿ ಇಪ್ಪತ್ತೆರಡು ಸಾವಿರ ರೂಪಾಯಿ ಆಸುಪಾಸು. ಮಕ್ಕಳಿಗೆ ಏನೂ ಇಲ್ಲ.

ದುಡ್ಡು ಉಳಿಯಿತು, ನಿಜ. ಆದರೆ ನನಗೆ ಈ ಟಿಕೆಟ್ ಇಷ್ಟವಾದದ್ದು ಬೇರೆ ಕಾರಣಕ್ಕೆ. ಅದು ಗೊತ್ತಾದದ್ದು ಮೊದಲನೇ ವಾರದಲ್ಲೇ.

ಮ್ಯೂನಿಕ್‌ನಿಂದ ದಕ್ಷಿಣಕ್ಕೆ ಲೋಕಲ್ ರೈಲಿನಲ್ಲಿ ಹೋಗುತ್ತಿದ್ದೆವು. ಸ್ಟಾರ್ನ್‌ಬರ್ಗ್ ಅನ್ನುವ ಊರು ಬಂತು. ಅಲ್ಲಿ ಸ್ಟೇಷನ್ನಿಗೆ ತಾಗಿಕೊಂಡೇ ದೊಡ್ಡ ಕೆರೆ. ಪ್ಲಾಟ್‌ಫಾರ್ಮ್ ಮುಗಿದರೆ ನೀರು. ಮಗಳು ಕಿಟಕಿಯಿಂದ ನೋಡಿದವಳೇ "ಅಮ್ಮಾ, ಇಲ್ಲೇ ಇಳಿಯೋಣ" ಅಂದಳು. ನಾವು ಹೊರಟಿದ್ದದ್ದು ಮುಂದಿನ ಇನ್ನೊಂದು ಊರಿಗೆ. ಬೇರೆ ಟಿಕೆಟ್ ಆಗಿದ್ದರೆ ಖಂಡಿತ ಬೇಡ ಅನ್ನುತ್ತಿದ್ದೆ. ಅವತ್ತು ಇಳಿದುಬಿಟ್ಟೆವು. ಒಂದು ಗಂಟೆ ಮಕ್ಕಳು ನೀರಿಗೆ ಕಲ್ಲು ಎಸೆದರು, ಬಾತುಕೋಳಿ ನೋಡಿದರು. ಡಬ್ಬಿಯಲ್ಲಿದ್ದ ಚಿತ್ರಾನ್ನ ದಡದಲ್ಲೇ ಖಾಲಿಯಾಯಿತು. ಮಗ ತಳ್ಳುಗಾಡಿಯಲ್ಲಿ ನಿದ್ದೆ ಹೋದ. ಸರಿ, ಮುಂದೆ ಹೋಗುವುದೇ ಬೇಡ ಅಂತ ವಾಪಸ್ ರೈಲು ಹತ್ತಿದೆವು. ಯಾರಿಗೂ ಬೇಜಾರಿಲ್ಲ, ಒಂದು ಪೈಸೆ ನಷ್ಟವಿಲ್ಲ.

ಎರಡು ವರ್ಷದ ಮಗುವಿನ ಜೊತೆ ಪ್ರಯಾಣ ಮಾಡಿದವರಿಗೆ ಇದರ ಬೆಲೆ ಗೊತ್ತಿರುತ್ತದೆ ಅಲ್ವಾ? ಹೊರಡುವ ಹೊತ್ತಿಗೇ ಡಯಾಪರ್ ಬದಲಿಸಬೇಕಾಗುತ್ತದೆ. ಒಂದು ಶೂ ಸಿಗುವುದಿಲ್ಲ. ಒಂಬತ್ತು ಗಂಟೆಯ ರೈಲು ತಪ್ಪುತ್ತದೆ. ನಿಗದಿ ರೈಲಿಗೆ ಮುಂಚೆಯೇ ಟಿಕೆಟ್ ಮಾಡಿಸಿದ್ದರೆ ಮನೆಯಲ್ಲಿ ಕೂಗಾಟ ಶುರುವಾಗುತ್ತಿತ್ತು. ಈ ಟಿಕೆಟ್ ಕೈಯಲ್ಲಿದ್ದಾಗ ಮುಂದಿನ ರೈಲು ಯಾವುದು ಅಂತ ನೋಡಿದರೆ ಸಾಕು. ಎರಡು ತಿಂಗಳಲ್ಲಿ ರೈಲಿನ ವಿಷಯಕ್ಕೆ ನಾವಿಬ್ಬರೂ ಒಂದು ಸಲವೂ ಜಗಳವಾಡಲಿಲ್ಲ. ನಮ್ಮ ಮನೆಯಲ್ಲಿ ಅದು ದೊಡ್ಡ ವಿಷಯ.

ಸ್ನೇಹಿತರ ಮನೆಯಲ್ಲಿ ಉಳಿಯುವವರಿಗೆ ಇನ್ನೊಂದು ಅನುಕೂಲವಿದೆ. ಅವರಿಗೆ ವಾರವಿಡೀ ಆಫೀಸು, ಅವರ ಮಕ್ಕಳಿಗೆ ಶಾಲೆ. ಬಂದ ನೆಂಟರು ದಿನವಿಡೀ ಮನೆಯಲ್ಲೇ ಇದ್ದರೆ ಅವರಿಗೂ ಭಾರ, ನಮಗೂ ಮುಜುಗರ. ನಾವು ಬೆಳಗ್ಗೆ ತಿಂಡಿ ಮುಗಿಸಿ, ಒಂದು ಡಬ್ಬಿ ಕಟ್ಟಿಕೊಂಡು ಹೊರಟುಬಿಡುತ್ತಿದ್ದೆವು. ಸಂಜೆ ಅವರು ಬರುವ ಹೊತ್ತಿಗೆ ವಾಪಸ್. ಆಮೇಲೆ ಅಡುಗೆ, ಹರಟೆ. ಮೂರು ವಾರ ಒಬ್ಬರ ಮನೆಯಲ್ಲಿದ್ದೂ ಸ್ನೇಹ ಇನ್ನೂ ಗಟ್ಟಿಯಾಯಿತು ಅಂದರೆ ಅದಕ್ಕೆ ಈ ಓಡಾಟವೂ ಒಂದು ಕಾರಣ. ಅಲ್ಲಿ ಭಾನುವಾರ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ. ಅವತ್ತು ಅವರನ್ನೂ ಎಬ್ಬಿಸಿಕೊಂಡು ಎಲ್ಲರೂ ಒಟ್ಟಿಗೆ ಹೊರಡುತ್ತಿದ್ದೆವು. ಅವರ ಹತ್ತಿರವೂ ಇದೇ ಟಿಕೆಟ್ ಇದ್ದದ್ದರಿಂದ ಯಾರು ದುಡ್ಡು ಕೊಡುವುದು ಅನ್ನುವ ಮಾತೇ ಬರಲಿಲ್ಲ.

ಎರ್ಲಾಂಗೆನ್‌ನಲ್ಲಿದ್ದಾಗ ಮಕ್ಕಳಿಗೆ ಅತಿ ಜಾಸ್ತಿ ಹಿಡಿಸಿದ್ದು ಪಕ್ಕದ ನ್ಯೂರೆಂಬರ್ಗ್‌ನ ಮೆಟ್ರೋ. ಅಲ್ಲಿ ಯು2, ಯು3 ಮಾರ್ಗಗಳಲ್ಲಿ ಚಾಲಕರೇ ಇಲ್ಲ. 2008ರಲ್ಲಿ ಯು3 ಶುರುವಾದಾಗ ಜರ್ಮನಿಯಲ್ಲೇ ಚಾಲಕರಿಲ್ಲದ ಮೊದಲ ಮೆಟ್ರೋ ಅದು. ಚಾಲಕರ ಕೋಣೆ ಇಲ್ಲದ್ದರಿಂದ ಮುಂದಿನ ಗಾಜಿನ ಪಕ್ಕವೇ ಪ್ರಯಾಣಿಕರು ಕೂರಬಹುದು. ಸುರಂಗ ಎದುರಿಗೇ ಓಡಿಬರುತ್ತದೆ. ಮಗ ಕೈಯಲ್ಲಿ ಸ್ಟೇರಿಂಗ್ ತಿರುಗಿಸುವ ಹಾಗೆ ಮಾಡುತ್ತಾ ತಾನೇ ಓಡಿಸುತ್ತಿದ್ದೇನೆ ಅಂದುಕೊಂಡ. ಆ ಮುಂದಿನ ಸೀಟಿಗಾಗಿ ನಾಲ್ಕು ದಿನ ಅದೇ ಮಾರ್ಗದಲ್ಲಿ ಸುಮ್ನೆ ಹೋಗಿ ಬಂದಿದ್ದೇವೆ. ಜರ್ಮನಿಯ ಮೊದಲ ಉಗಿಬಂಡಿ ರೈಲು 1835ರಲ್ಲಿ ಓಡಿದ್ದು ಇದೇ ನ್ಯೂರೆಂಬರ್ಗ್‌ನಿಂದ ಫ್ಯೂರ್ತ್‌ಗೆ. ಅಲ್ಲಿನ ರೈಲ್ವೆ ಮ್ಯೂಸಿಯಂಗೆ ಒಂದು ಪೂರ್ತಿ ದಿನ ಇಟ್ಟುಕೊಳ್ಳಿ.

ಈಗ ತೊಂದರೆಗಳು. ಅವನ್ನೂ ಬಿಚ್ಚಿ ಹೇಳಬೇಕು.

ಕೊಳ್ಳುವುದೇ ಮೊದಲ ಕಷ್ಟ. ಇದು ಒಂದು ಸಲ ಕೊಂಡು ಬಿಡುವ ಟಿಕೆಟ್ ಅಲ್ಲ, ಚಂದಾ. ತಿಂಗಳ 1ನೇ ತಾರೀಖಿನಿಂದ ಕೊನೆಯವರೆಗೆ ಒಂದು ಲೆಕ್ಕ. 20ನೇ ತಾರೀಖಿಗೆ ಹೋಗಿ ಇಳಿದರೆ ಹತ್ತೇ ದಿನಕ್ಕೆ ಆ ತಿಂಗಳ ಲೆಕ್ಕ ಮುಗಿಯುತ್ತದೆ. ಅದಕ್ಕೇ ನಾವು ಪ್ರಯಾಣವನ್ನೇ ಏಪ್ರಿಲ್ 2ಕ್ಕೆ ಹೊಂದಿಸಿಕೊಂಡೆವು. ಬಹಳ ಕಡೆ ಯೂರೋಪಿನ ಬ್ಯಾಂಕ್ ಖಾತೆ ಕೇಳುತ್ತಾರೆ. ಕಾರ್ಡ್ ತೆಗೆದುಕೊಳ್ಳುವ ಆ್ಯಪ್‌ಗಳೂ ಇವೆ. ಆದರೆ ನಾನು ಮೊದಲು ಪ್ರಯತ್ನಿಸಿದ ಆ್ಯಪ್ ನಮ್ಮ ಎರಡೂ ಕಾರ್ಡುಗಳನ್ನು ಒಪ್ಪಲಿಲ್ಲ. ಮೂರು ಸಂಜೆ ಅದರಲ್ಲೇ ಕಳೆದವು. ಕೊನೆಗೆ ಮ್ಯೂನಿಕ್ ಗೆಳತಿ "ನೀನು ತಲೆ ಕೆಡಿಸ್ಕೋಬೇಡ ಕಣೇ" ಅಂತ ನಮ್ಮಿಬ್ಬರ ಹೆಸರಿನಲ್ಲಿ ತನ್ನ ಖಾತೆಯಿಂದ ಮಾಡಿಸಿಕೊಟ್ಟಳು. ಅಲ್ಲಿ ಪರಿಚಯದವರಿದ್ದರೆ ಇದೇ ಸುಲಭದ ದಾರಿ.

ರದ್ದು ಮಾಡುವುದನ್ನು ಮಾತ್ರ ಮರೆಯಬೇಡಿ. ಆಯಾ ತಿಂಗಳ ಕೊನೆಗೆ ನಿಲ್ಲಿಸಬೇಕಾದರೆ 10ನೇ ತಾರೀಖಿನೊಳಗೆ ಹೇಳಬೇಕು. ತಪ್ಪಿದರೆ ಮುಂದಿನ ತಿಂಗಳ ದುಡ್ಡೂ ಹೋಗುತ್ತದೆ. ನಮ್ಮ ವಿಷಯದಲ್ಲಿ ಅದು ಗೆಳತಿಯ ದುಡ್ಡು. ಹಾಗಾಗಿ ಏಪ್ರಿಲ್ ಕೊನೆಯಲ್ಲೇ ಕೂತು, ಮೇ ಕೊನೆಗೆ ನಿಲ್ಲುವ ಹಾಗೆ ರದ್ದು ಮಾಡಿ, ಬಂದ ಇಮೇಲ್ ಉಳಿಸಿಕೊಂಡೆವು. ಟಿಕೆಟ್ ಫೋನಿನಲ್ಲಿ ಕ್ಯೂಆರ್ ಕೋಡ್ ಆಗಿ ಇರುತ್ತದೆ. ಅದರ ಜೊತೆ ಪಾಸ್‌ಪೋರ್ಟ್ ಕೇಳುತ್ತಾರೆ. ಮಕ್ಕಳು ಫೋನಿನಲ್ಲಿ ಕಾರ್ಟೂನ್ ನೋಡಿ ಬ್ಯಾಟರಿ ಮುಗಿಸುತ್ತಾರೆ. ಪವರ್ ಬ್ಯಾಂಕ್ ಇಲ್ಲದೆ ಹೊರಡಬೇಡಿ.

ಇನ್ನು ತಳ್ಳುಗಾಡಿ. ಇದಕ್ಕೆ ದುಡ್ಡಿಲ್ಲ. ಬೋಗಿಯ ಬಾಗಿಲ ಮೇಲೆ ಸೈಕಲ್ಲು, ತಳ್ಳುಗಾಡಿಯ ಚಿತ್ರ ಇರುತ್ತದೆ, ಅಲ್ಲೇ ಹತ್ತಬೇಕು. ಬಿಸಿಲಿರುವ ಶನಿವಾರ, ಭಾನುವಾರ ಆ ಜಾಗ ಸೈಕಲ್ಲುಗಳಿಂದ ತುಂಬಿಹೋಗಿರುತ್ತದೆ. ಎರಡು ಮಹಡಿಯ ರೈಲಿನಲ್ಲಿ ಮಕ್ಕಳಿಗೆ ಮೇಲೆಯೇ ಕೂರಬೇಕು, ಗಾಡಿ ಕೆಳಗೇ ಇರಬೇಕು. ನಾವು ಒಬ್ಬರು ಮೇಲೆ, ಒಬ್ಬರು ಕೆಳಗೆ ಕೂತು ಹೋದದ್ದೇ ಹೆಚ್ಚು. ಸ್ಟೇಷನ್ನುಗಳಲ್ಲಿ ಲಿಫ್ಟ್ ಕೆಟ್ಟಿರುವುದು ಸಾಮಾನ್ಯ. ಒಂದು ಕಡೆ ನಿದ್ದೆಯಲ್ಲಿದ್ದ ಮಗನ ಸಮೇತ ಗಾಡಿಯನ್ನು ಎರಡು ಮೆಟ್ಟಿಲಸಾಲು ಹೊತ್ತು ಇಳಿಸಿದೆವು. ಕೇಳದೆಯೇ ಯಾರೋ ಬಂದು ಗಾಡಿಯ ಮುಂಭಾಗ ಹಿಡಿದರು. ಹೀಗೆ ಸಹಾಯ ಮಾಡಿದವರು ಎರಡು ತಿಂಗಳಲ್ಲಿ ಹತ್ತಕ್ಕೂ ಹೆಚ್ಚು ಜನ. ಮಡಚಿದರೆ ಒಂದೇ ಕೈಯಲ್ಲಿ ಎತ್ತಬಹುದಾದ ಹಗುರದ ಗಾಡಿಯನ್ನೇ ಒಯ್ಯಿರಿ.

ರೈಲುಗಳು ತಡವಾಗುತ್ತವೆ. ಜರ್ಮನಿಯ ರೈಲು ಅಂದರೆ ಗಡಿಯಾರ ಅಂತ ನಾನು ಅಂದುಕೊಂಡಿದ್ದೆ, ಹಾಗಿಲ್ಲ. ಹತ್ತು ಹದಿನೈದು ನಿಮಿಷ ತಡವಾಗಿ, ಹಿಡಿಯಬೇಕಿದ್ದ ಇನ್ನೊಂದು ರೈಲು ತಪ್ಪಿದ್ದು ಎಷ್ಟೋ ಸಲ. ಗಂಟೆ ಮೇಲೆ ತಡವಾದರೆ ಈ ಟಿಕೆಟ್‌ಗೆ ಸಿಗುವ ಪರಿಹಾರ ಒಂದೂವರೆ ಯೂರೋ, ಅದೂ ಒಟ್ಟು ಸೇರಿ ನಾಲ್ಕು ಯೂರೋ ಆದ ಮೇಲೆ. ನಾವು ಕೇಳಲು ಹೋಗಲಿಲ್ಲ. ಎರಡು ರೈಲುಗಳ ಮಧ್ಯೆ ಅರ್ಧ ಗಂಟೆಯಾದರೂ ಬಿಟ್ಟುಕೊಂಡರೆ ಮಕ್ಕಳನ್ನು ಎತ್ತಿಕೊಂಡು ಓಡುವ ಪಾಡು ಇರುವುದಿಲ್ಲ.

ಇನ್ನೊಂದು ಎಚ್ಚರಿಕೆ. ಕೆಲವು ರೈಲುಗಳು ದಾರಿಯಲ್ಲಿ ತುಂಡಾಗುತ್ತವೆ. ಮ್ಯೂನಿಕ್‌ನಿಂದ ಟೇಗರ್ನ್‌ಸೇ ಕೆರೆಯ ಕಡೆಗೆ ಹೋಗುವ ರೈಲು ಹೋಲ್ಜ್‌ಕಿರ್ಖೆನ್‌ನಲ್ಲಿ ಒಡೆದು ಒಂದು ಭಾಗ ಬೇರೆ ದಿಕ್ಕಿಗೆ ಹೋಗುತ್ತದೆ, ಮುಂದೆ ಷಾಫ್ಟ್‌ಲಾಖ್‌ನಲ್ಲಿ ಮತ್ತೆ ಒಡೆಯುತ್ತದೆ. ಮೊದಲ ಸಲ ನಾವು ಕೂತದ್ದು ಬೇರೆ ಭಾಗದಲ್ಲಿ. ಎದುರಿಗಿದ್ದ ಅಜ್ಜಿಯೊಬ್ಬರು ನಮ್ಮ ಮ್ಯಾಪ್ ನೋಡಿ ಕೈಸನ್ನೆ ಮಾಡಿ ಎಬ್ಬಿಸಿದರು. ಹತ್ತುವಾಗ ಬೋಗಿಯ ಮೇಲೆ ಬರೆದ ಊರಿನ ಹೆಸರು ಓದಿಕೊಳ್ಳಿ.

ದೂರದ ಊರಿಗೆ ಈ ಟಿಕೆಟ್ ನಂಬಿಕೊಂಡು ಹೋಗುವುದು ಬೇಡ. ನಿಯಮದಲ್ಲಿ ಅಡ್ಡಿಯಿಲ್ಲ, ಮಕ್ಕಳ ಮೈಯಲ್ಲಿ ಅಷ್ಟು ತಾಳ್ಮೆ ಇರುವುದಿಲ್ಲ. ಮ್ಯೂನಿಕ್‌ನಿಂದ ನ್ಯೂರೆಂಬರ್ಗ್‌ಗೆ ಪ್ರಾದೇಶಿಕ ರೈಲಿನಲ್ಲೇ ಒಂದು ಮುಕ್ಕಾಲು ಗಂಟೆ, ಆರಾಮ. ನ್ಯೂರೆಂಬರ್ಗ್‌ನಿಂದ ಸ್ಟುಟ್‌ಗಾರ್ಟ್‌ಗೆ ಎರಡೂವರೆ ಗಂಟೆ ಹತ್ತಿರ, ಅದೂ ಪರವಾಗಿಲ್ಲ. ಹ್ಯಾಂಬರ್ಗ್‌ಗೆ ಹೋಗುವುದಾದರೆ ಇಡೀ ದಿನ ರೈಲು ಬದಲಿಸುತ್ತಲೇ ಇರಬೇಕು. ನಾವು ಅದಕ್ಕೆ ಮುಂಚೆಯೇ ಐಸಿಇ ಟಿಕೆಟ್ ತೆಗೆದಿಟ್ಟಿದ್ದೆವು. ಅದರಲ್ಲಿ ಪುಟ್ಟ ಮಕ್ಕಳಿರುವವರಿಗೆಂದೇ ಒಂದು ಚಿಕ್ಕ ಕೋಣೆ ಇರುತ್ತದೆ, ಮೊದಲೇ ಕಾದಿರಿಸಬೇಕು. ಬಾಗಿಲು ಹಾಕಿಕೊಂಡರೆ ಮಗ ಎಷ್ಟು ಕಿರುಚಿದರೂ ಯಾರೂ ತಿರುಗಿ ನೋಡುವುದಿಲ್ಲ. ಹ್ಯಾಂಬರ್ಗ್ ತಲುಪಿದ ಮೇಲೆ ಡಿ-ಟಿಕೆಟ್ ಮತ್ತೆ ಕೆಲಸಕ್ಕೆ ಬಂತು. ಲಾಂಡುಂಗ್ಸ್‌ಬ್ರ್ಯೂಕೆನ್ ದಕ್ಕೆಯಿಂದ ಹೊರಡುವ 62ನೇ ನಂಬರ್ ದೋಣಿಗೂ ಇದು ನಡೆಯುತ್ತದೆ. ಎಲ್ಬೆ ನದಿಯಲ್ಲಿ ದೊಡ್ಡ ಹಡಗುಗಳ ಪಕ್ಕದಲ್ಲೇ ಸಾಗುತ್ತದೆ. ಮೇಲಿನ ಡೆಕ್ಕಿನಲ್ಲಿ ಗಾಳಿ ಜಾಸ್ತಿ, ಮಕ್ಕಳಿಗೆ ಕಿವಿ ಮುಚ್ಚುವ ಟೋಪಿ ಹಾಕಿ.

ನನಗೆ ಮನಸ್ಸಿಗೆ ತಟ್ಟಿದ ಪ್ರಯಾಣ ಎಸ್ಲಿಂಗೆನ್‌ನಿಂದ ಟ್ಯೂಬಿಂಗೆನ್‌ಗೆ ಹೋದದ್ದು. ನಮ್ಮ ಮಾವನವರು ಕನ್ನಡ ಮೇಷ್ಟ್ರಾಗಿದ್ದವರು. ಊರಿನಿಂದ ಫೋನ್ ಮಾಡಿ "ಕಿಟೆಲ್ ಕೊನೆಗಾಲದಲ್ಲಿ ಇದ್ದ ಊರಮ್ಮಾ, ಅಷ್ಟು ಹತ್ತಿರ ಹೋಗಿ ನೋಡದೆ ಬರಬೇಡಿ" ಅಂದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ ನಿಘಂಟು ಬರೆದ ಫರ್ಡಿನಾಂಡ್ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗೆನ್‌ನಲ್ಲಿ. ಅಲ್ಲಿನ ವಿಶ್ವವಿದ್ಯಾಲಯವೇ ಅವರಿಗೆ ಡಾಕ್ಟರೇಟ್ ಕೊಟ್ಟಿತ್ತು. ನೆಕ್ಕರ್ ನದಿಯ ಸೇತುವೆಯ ಮೇಲೆ ನಿಂತು ಮಾವನವರಿಗೆ ವಿಡಿಯೋ ಕಾಲ್ ಮಾಡಿದೆವು. ಅವರು ತುಂಬ ಹೊತ್ತು ಮಾತಾಡಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಆಮೇಲೆ ಇನ್ನೊಂದು ಮಾತು ಹೇಳಿದರು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು 1843ರಲ್ಲಿ ಶುರು ಮಾಡಿದ ಹರ್ಮನ್ ಮೋಗ್ಲಿಂಗ್ ಕೊನೆಯುಸಿರೆಳೆದದ್ದು ಎಸ್ಲಿಂಗೆನ್‌ನಲ್ಲೇ, 1881ರಲ್ಲಿ. ಅದೇ ಊರಿನಲ್ಲಿ ಎಂಟು ವರ್ಷದಿಂದ ಇರುವ ನನ್ನ ಗೆಳತಿಗೆ ಇದು ಗೊತ್ತಿರಲಿಲ್ಲ. ಆ ರಾತ್ರಿ ಊಟದ ಮೇಜಿನಲ್ಲಿ ಅದೇ ಮಾತು. ಬಿಳಿ ಆಸ್ಪರಾಗಸ್ ಸುಗ್ಗಿ ಅಲ್ಲಿ ಆಗ. ಅದರದ್ದೇ ಹುಳಿ ಮಾಡಿದ್ದಳು, ನುಗ್ಗೆಕಾಯಿ ಹುಳಿಯ ಹಾಗೇ ಊಟ ಮಾಡಿದೆವು.

ಯಾರಿಗೆ ಕೊಳ್ಳಿ ಅನ್ನುತ್ತೇನೆ? ಒಂದೆರಡು ಊರಿನಲ್ಲಿ ನೆಲೆ ನಿಂತು ಸುತ್ತಾಡುವವರಿಗೆ, ಮಕ್ಕಳು ಆರರೊಳಗೆ ಇರುವವರಿಗೆ ಕಣ್ಣು ಮುಚ್ಚಿ ಕೊಳ್ಳಿ ಅನ್ನುತ್ತೇನೆ. ಹತ್ತು ದಿನದಲ್ಲಿ ಐದು ದೊಡ್ಡ ಊರು ಮುಗಿಸುವವರಿಗೆ ಬೇಡ. ಮಗುವಿಗೆ ಆರು ತುಂಬಿದ್ದರೆ ಲೆಕ್ಕ ಬದಲಾಗುತ್ತದೆ. ಪ್ರಾದೇಶಿಕ ರೈಲು, ಬಸ್ಸುಗಳಲ್ಲಿ ಅದಕ್ಕೆ ಬೇರೆ ಟಿಕೆಟ್ ಬೇಕು, ನಿಮ್ಮ ಡಿ-ಟಿಕೆಟ್‌ನಲ್ಲಿ ಮಗು ಸೇರುವುದಿಲ್ಲ. ನಾವು ಇನ್ನೊಂದು ಆರು ತಿಂಗಳು ತಡ ಮಾಡಿದ್ದರೆ ಮಗಳಿಗೂ ದುಡ್ಡು ಕೊಡಬೇಕಿತ್ತು.

ಮೇ 29ಕ್ಕೆ ಮ್ಯೂನಿಕ್‌ನಿಂದ ನಮ್ಮ ವಿಮಾನ. ಏರ್‌ಪೋರ್ಟ್‌ಗೆ ಹೋಗುವ ಲೋಕಲ್ ರೈಲಿಗೂ ಇದೇ ಟಿಕೆಟ್ ನಡೆಯಿತು. ಗೆಳತಿ ಮನೆ ಬಾಗಿಲಲ್ಲೇ ಬೀಳ್ಕೊಡುತ್ತಾಳೆ ಅಂದುಕೊಂಡಿದ್ದೆ. ಅವಳು ಚಪ್ಪಲಿ ಹಾಕಿಕೊಂಡು ಮಗನನ್ನು ಎತ್ತಿಕೊಂಡಳು. ಅಷ್ಟು ದೂರ ಯಾಕೆ, ವಾಪಸ್ ಒಬ್ಬಳೇ ಬರಬೇಕಲ್ಲ ಅಂದೆ. "ನನ್ ಹತ್ರಾನೂ ಟಿಕೆಟ್ ಇದೆ ಕಣೇ, ಬಾ" ಅಂದಳು. ಮುಕ್ಕಾಲು ಗಂಟೆ ಹತ್ತಿರದ ದಾರಿ. ಕೊನೇ ಸ್ಟೇಷನ್ನಿನವರೆಗೂ ಮಗ ಅವಳ ತೊಡೆಯ ಮೇಲೆಯೇ ಕೂತಿದ್ದ.