ಶಿರಸಿಯಲ್ಲೊಂದು ಶೇಕ್ಸ್‌ಪಿಯರ್ ಓದಿನ ತರಗತಿ

ಶಿರಸಿ ಪೇಟೆಯಲ್ಲಿ ನಿವೃತ್ತ ಇಂಗ್ಲಿಷ್ ಅಧ್ಯಾಪಕರೊಬ್ಬರು ಭಾನುವಾರಗಳಂದು ನಡೆಸುತ್ತಿರುವ ಶೇಕ್ಸ್‌ಪಿಯರ್ ಓದಿನ ತರಗತಿಗೆ ಪದವಿ ವಿದ್ಯಾರ್ಥಿಗಳೂ ಶಾಲಾ ಶಿಕ್ಷಕರೂ ಸೇರಬೇಕೆಂಬುದು ನನ್ನ ಮನಃಪೂರ್ವಕ ಶಿಫಾರಸು. 'ದೌ' (thou, ನೀನು) ಎಂಬುದು 'ಯೂ' (you, ನೀವು) ಎಂಬುದರ ಹಳೆಯ ರೂಪವೆಂದಷ್ಟೇ ಟಿಪ್ಪಣಿ ಬರೆದುಕೊಂಡು ಪರೀಕ್ಷೆ ಮುಗಿಸಿದವರಿಗೆ, ಆ ಎರಡರ ನಡುವೆ ಎಷ್ಟು ಸಲುಗೆ, ಎಷ್ಟು ಸಿಟ್ಟು ಇದೆಯೆಂಬುದು ಇಲ್ಲಿ ತಿಳಿಯುತ್ತದೆ.

ಮೊದಲು ಏಕವಚನ, ಬಹುವಚನಗಳಷ್ಟೇ ಆಗಿದ್ದ ಈ ಸರ್ವನಾಮಗಳಲ್ಲಿ 'ಯೂ' ಎಂಬುದು 13ನೆಯ ಶತಮಾನದ ಹೊತ್ತಿಗೆ, ಫ್ರೆಂಚ್ ರೂಢಿಯ ಪ್ರಭಾವದಿಂದ, ಗೌರವಕ್ಕೆ ಪಾತ್ರನಾದ ಒಬ್ಬನಿಗೂ ಸಲ್ಲತೊಡಗಿತು. ಅಧ್ಯಾಪಕರು ಈ ಇತಿಹಾಸವನ್ನು ಬೇಗ ಮುಗಿಸಿ, ಹ್ಯಾಮ್ಲೆಟ್ ನಾಟಕದಲ್ಲಿ ತಾಯಿಮಗ ಎದುರಾಗುವ ದೃಶ್ಯವನ್ನು ಗಟ್ಟಿಯಾಗಿ ಓದಿಸುತ್ತಾರೆ. ತಂದೆಯ ಮನ ನೋಯಿಸಿದೆಯೆಂದು ರಾಣಿ ಮಗನನ್ನು 'ದೌ' ಎಂದೇ ಗದರಿಸುತ್ತಾಳೆ. ಮಗ ಅದೇ ಮಾತನ್ನು 'ಯೂ' ಹಚ್ಚಿ ಹಿಂದಿರುಗಿಸುತ್ತಾನೆ. ಒಡನೆ ಅವಳೂ 'ಯೂ' ಎನ್ನುತ್ತಾಳೆ. ವ್ಯಾಕರಣದಲ್ಲಿ ಗೌರವ ಹೆಚ್ಚಿದರೂ ತಾಯಿಮಗನ ನಡುವಿನ ಅಕ್ಕರೆ ಅಲ್ಲಿಗೆ ಕಡಿದುಹೋಗಿರುತ್ತದೆ. ತಾಳಮದ್ದಳೆಯಲ್ಲಿ 'ತಾವು' ಎನ್ನುತ್ತಿದ್ದ ಅರ್ಥಧಾರಿ ಥಟ್ಟನೆ 'ನೀನು' ಎಂದೊಡನೆ ನೆಟ್ಟಗೆ ಕೂರುವ ನಮ್ಮ ಸೀಮೆಯ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂದಿನ ಇಂಗ್ಲಿಷ್ ಓದುಗರಿಗಿಂತ ನಮ್ಮ ಕಿವಿ ಇಲ್ಲಿ ಚುರುಕೆಂದೇ ನಾನು ನಂಬಿದ್ದೇನೆ.

1603ರಲ್ಲಿ ಇಂಗ್ಲೆಂಡಿನ ನಾವಿಕ, ಸಾಹಿತಿ ವಾಲ್ಟರ್ ರ್‍ಯಾಲಿಯ ರಾಜದ್ರೋಹದ ವಿಚಾರಣೆಯ ವೇಳೆ ಸರ್ಕಾರಿ ವಕೀಲ ಎಡ್ವರ್ಡ್ ಕೋಕ್, ಆ ಕುಲೀನನನ್ನು ಹೀಗಳೆಯಲೆಂದೇ 'ದೌ' ಎಂದು ಸಂಬೋಧಿಸಿದ ಪ್ರಸಂಗವನ್ನೂ ಚರ್ಚಿಸಲಾಗುತ್ತದೆ. 1611ರ ಬೈಬಲ್ ಅನುವಾದದಲ್ಲಿ ಒಬ್ಬನೇ ಕೇಳುಗನಿದ್ದರೆ, ಅವನು ದೇವರಾಗಲಿ ಸೇವಕನಾಗಲಿ, 'ದೌ' ಎಂಬುದೇ ಬಳಕೆಯಾಗಿದೆ. ಪ್ರಾರ್ಥನೆಯಲ್ಲಿ ಉಳಿದುಬಂದದ್ದರಿಂದಲೇ ಮುಂದಿನವರು ಅದನ್ನು ಘನವಾದ ಪದವೆಂದು ತಿಳಿದರೆಂಬ ವಿವರಣೆ, ದಾಸರ ಪದಗಳಲ್ಲಿ ದೇವರನ್ನು 'ನೀನು' ಎಂದೇ ಕರೆಯುವ ನಮಗೆ ಬಲು ಬೇಗ ಮನದಟ್ಟಾಗುತ್ತದೆ.

ಕ್ರಿಯಾಪದಗಳ ಪಾಠ ಮಾತ್ರ ಅವಸರದ್ದು. 'ಹ್ಯಾಸ್ಟ್' (hast), 'ಆರ್ಟ್' (art) ಎಂಬ ರೂಪಗಳು 'ದೌ' ಜೊತೆಗಷ್ಟೇ ಬರುತ್ತವೆ, ನಮ್ಮಲ್ಲಿ 'ನೀನು' ಎಂದರೆ 'ಬಂದೆ', 'ನೀವು' ಎಂದರೆ 'ಬಂದಿರಿ' ಎಂದಾಗುವಂತೆ, ಇದನ್ನು ಹೇಳಿದ್ದಾರೆ. ಆದರೆ 'ಹ್ಯಾತ್' (hath), 'ಡತ್' (doth) ಎಂಬ, 'ಅವನು', 'ಅವಳು' ಎನ್ನುವಾಗ ಬರುವ ಪ್ರಥಮಪುರುಷ ರೂಪಗಳಿಗೂ ಕೇಳುಗನ ಮೇಲಿನ ಗೌರವಕ್ಕೂ ಸಂಬಂಧವಿಲ್ಲವೆಂಬುದನ್ನು, ಆಡುಮಾತು 'ಹ್ಯಾಸ್' (has), 'ಡಸ್' (does) ಎಂಬ ರೂಪಗಳತ್ತ ಸರಿಯುತ್ತಿದ್ದಾಗ ಅವು ಬರಹಕ್ಕೆ ಗಾಂಭೀರ್ಯ ತರುತ್ತಿದ್ದವೆಂಬುದನ್ನು ಉದಾಹರಣೆ ಸಹಿತ ಬಿಡಿಸಿದ್ದರೆ ಚೆನ್ನಾಗಿತ್ತು. ಇದಕ್ಕೊಂದು ಪ್ರತ್ಯೇಕ ಭಾನುವಾರವನ್ನು ಮೀಸಲಿಡಬೇಕೆಂದು ಅಧ್ಯಾಪಕರಲ್ಲಿ ವಿನಂತಿಸಿದ್ದೇನೆ.