ಮೇಕರ್ ಮೇಳಕ್ಕೆ ಮಗಳ ಜೊತೆ ಹೋಗಿದ್ವಿ, ಸಾಲ್ಡರಿಂಗ್ ಟೇಬಲ್ ಬಿಟ್ಟು ಏಳೋಕೇ ಒಪ್ಲಿಲ್ಲ ಅವ್ಳು

ಭಾನುವಾರ ಬೆಂಗಳೂರಿನ ಜಯನಗರದ ಕಡೆ ಒಂದು ಸಮುದಾಯ ಭವನದಲ್ಲಿ ನಡೆದ ಮೇಕರ್ ಮೇಳಕ್ಕೆ (ಕೈಯಾರೆ ವಸ್ತು ಮಾಡೋರು ತಮ್ಮ ಕೆಲಸ ತೋರಿಸೋ ಮೇಳ) ಹೋಗಿದ್ವಿ, ನಾನು, ಆರನೇ ಕ್ಲಾಸ್ ಓದೋ ಮಗಳು, ಜೊತೆಗೆ ನಮ್ಮಮ್ಮ. ಎಂಟ್ರಿ ಫ್ರೀ, ವರ್ಕ್‌ಶಾಪ್‌ಗೆ ಮಾತ್ರ ದುಡ್ಡು. ಎಕ್ಸಿಬಿಷನ್ ಅಂದ್ರೆ ಮುಟ್ಟಬೇಡಿ ಅಂತ ಬೋರ್ಡು ಹಾಕಿರ್ತಾರಲ್ಲ, ಇಲ್ಲಿ ಸುಮಾರು ಟೇಬಲ್‌ಗಳಲ್ಲಿ ಮಕ್ಕಳ ಕೈಗೇ ಸಾಮಾನು ಕೊಡ್ತಿದ್ರು, ನಂಗೆ ತುಂಬಾ ಇಷ್ಟ ಆಗಿದ್ದು ಅದೇ.

ಸಾಲ್ಡರಿಂಗ್ (ಲೋಹದ ತಂತಿ ಕರಗಿಸಿ ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನ ಬೋರ್ಡಿಗೆ ಬೆಸೆಯೋದು) ವರ್ಕ್‌ಶಾಪ್ 250 ರೂಪಾಯಿ, ಮಾಡಿದ್ದನ್ನ ಮನೆಗೆ ತರಬಹುದು. ಪುಟ್ಟ ಬೋರ್ಡು, 555 ಐಸಿ (ದೀಪ ಹತ್ತಿ ಆರೋ ಸಮಯ ನೋಡ್ಕೊಳ್ಳೋ ಪುಟ್ಟ ಟೈಮರ್ ಚಿಪ್), ಎರಡು ಎಲ್‌ಇಡಿ, ಒಂದಷ್ಟು ರೆಸಿಸ್ಟರ್, ಕೆಪಾಸಿಟರ್, 9 ವೋಲ್ಟ್ ಬ್ಯಾಟರಿ, ಎಲ್ಲಾ ಸೇರಿಸಿದ್ರೆ ಎರಡು ದೀಪ ಒಂದಾದ್ಮೇಲೊಂದು ಮಿನುಗತ್ತೆ. ಹೇಳಿಕೊಡ್ತಿದ್ದಿದ್ದು ಇಂಜಿನಿಯರಿಂಗ್ ಓದ್ತಿರೋ ಹುಡುಗಿ, "ಸಾಲ್ಡರ್ ತಂತಿನ ಬಿಸಿ ಐರನ್ ತುದಿಗೆ ಮುಟ್ಟಿಸ್ಬೇಡ ಪುಟ್ಟಾ, ಮೊದ್ಲು ಬೋರ್ಡಿನ ತಾಮ್ರದ ಪ್ಯಾಡು, ಬಿಡಿಭಾಗದ ಕಾಲು ಎರಡನ್ನೂ ಒಟ್ಟಿಗೆ ಕಾಯ್ಸು, ಆಮೇಲೆ ಅಲ್ಲಿಗೆ ತಂತಿ ಹಿಡಿ, ತಾನೇ ಹರ್ಕೊಳ್ಳತ್ತೆ" ಅಂದ್ಲು. 63 ಭಾಗ ತವರ, 37 ಭಾಗ ಸೀಸ ಇರೋ ತಂತಿ ಅದು, 183 ಡಿಗ್ರಿ ಸೆಲ್ಸಿಯಸ್‌ಗೆ ಕರಗತ್ತೆ. ಮೊದಲ ಎರಡು ಬೆಸುಗೆ ಉಂಡೆ ಉಂಡೆಯಾಗಿ ಮಂಕಾಗಿ ಕೂತ್ವು, ಮೂರನೇದು ಪುಟ್ಟ ಗುಡ್ಡದ ಥರ ಹೊಳೀತಾ ಬಂತು, ಮಗಳು ಮಾತೇ ಆಡ್ದೆ ನನ್ನ ಕೈ ಹಿಡಿದು ಎಳೆದು ತೋರಿಸಿದ್ಲು.

ಬ್ಯಾಟರಿ ಹಾಕಿದ್ರೆ ಒಂದು ಎಲ್‌ಇಡಿ ಹತ್ತಲೇ ಇಲ್ಲ. ಅಲ್ಲಿ ಆ ಹುಡುಗಿ ಬೋರ್ಡು ಕಿತ್ಕೊಂಡು ತಾನೇ ಸರಿ ಮಾಡ್ಬಿಡಬಹುದಿತ್ತು, ಹೊರಗೆ ಮುಂದಿನ ಬ್ಯಾಚ್ ಬೇರೆ ಕಾಯ್ತಿತ್ತು, ಆದ್ರೆ ಐರನ್ ಮುಟ್ಟಲೇ ಇಲ್ಲ, "ಎಲ್‌ಇಡಿ ಅಂಚು ಒಂದ್ಕಡೆ ಚಪ್ಪಟೆ ಇರತ್ತೆ, ಬೋರ್ಡಿನ ಗುರುತಿಗೆ ಸರಿಯಾಗಿದ್ಯಾ ನೋಡು" ಅಷ್ಟೇ ಅಂದಿದ್ದು. ತಿರುವು ಮುರುವು ಆಗಿತ್ತು. ಬಿಚ್ಚಿ ಮತ್ತೆ ಕೂರಿಸೋಕೆ ಹದಿನೈದು ನಿಮಿಷ ಹಿಡೀತು, ಅಷ್ಟೂ ಹೊತ್ತು ಪಕ್ಕದಲ್ಲೇ ನಿಂತಿದ್ಲು. ಇಂಥ ತಾಳ್ಮೆ ನಾನು ದುಬಾರಿ ಫೀಸಿನ ರೋಬೋಟಿಕ್ಸ್ ಕ್ಲಾಸಲ್ಲೂ ಕಂಡಿಲ್ಲ. ಮಿನುಗೋ ವೇಗ ತೀರ್ಮಾನಿಸೋ ಕೆಪಾಸಿಟರ್ 10 ಮೈಕ್ರೋಫ್ಯಾರಡ್ ಬದಲು 100 ಹಾಕಿದ್ರೆ ಹತ್ತು ಪಟ್ಟು ನಿಧಾನ ಮಿನುಗತ್ತೆ ಅಂತನೂ ಹೇಳಿ ಕಳಿಸಿದ್ಲು, ಈಗ ಎಲೆಕ್ಟ್ರಾನಿಕ್ಸ್ ಸಾಮಾನು ಸಿಗೋ ಎಸ್‌ಪಿ ರೋಡಿಗೆ ಯಾವಾಗ ಹೋಗೋದು ಅಂತ ಮನೇಲಿ ದಿನಾ ಒಂದೇ ರಾಗ.

ಅಮ್ಮಂಗೆ ಹಿಡಿಸಿದ್ದು ಚನ್ನಪಟ್ಟಣದ ಗೊಂಬೆ ಮಾಡೋ ಲೇತು, ಅಂದ್ರೆ ಮರದ ತುಂಡು ತಿರುಗಿಸೋ ಯಂತ್ರ. ಎಷ್ಟೋ ಗೊಂಬೆ ಕೊಂಡಿದಾರೆ, ಬಣ್ಣ ಬ್ರಷ್ಷಲ್ಲಿ ಹಚ್ತಾರೆ ಅಂತಾನೇ ಅಂದ್ಕೊಂಡಿದ್ರಂತೆ. ತಿರುಗ್ತಿರೋ ಹಾಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಹಿಡಿದ್ರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟತ್ತೆ, ಆಮೇಲೆ ತಾಳೆ ಗರಿ ಒತ್ತಿದ್ರೆ ಹೊಳಪು. "ಹಿಡೀರಮ್ಮ, ನಾನಿದೀನಿ" ಅಂತ ಆ ಕುಶಲಕರ್ಮಿ ಕೈ ಮೇಲೆ ಕೈ ಇಟ್ಟು ಹಿಡಿಸಿದ್ರು, ಅಮ್ಮ ಹಚ್ಚಿದ ಕೆಂಪು ಬುಗುರಿ ಈಗ ದೇವರ ಮನೆ ಪಕ್ಕದ ಶೋಕೇಸಲ್ಲಿದೆ.

ಬೇಜಾರಾಗಿದ್ದೂ ಇದೆ. 3ಡಿ ಪ್ರಿಂಟರ್ ಸ್ಟಾಲಲ್ಲಿ ಯಾರೂ ಹತ್ರ ಬರದಂಗೆ ಹಗ್ಗ ಕಟ್ಟಿ ಕೀಚೈನ್ ಮಾರ್ತಿದ್ರು, ಪ್ರಿಂಟರ್ ಒಳಗೆ ಏನಾಗ್ತಿದೆ ಅಂತ ಕೇಳಿದ್ರೂ ಹೇಳೋರಿಲ್ಲ. ಬೋರ್ಡುಗಳೆಲ್ಲ ಬರೀ ಇಂಗ್ಲಿಷು, ಅಲ್ಲಿದ್ದ ಹುಡುಗ್ರಿಗೆ ಕನ್ನಡ ಚೆನ್ನಾಗೇ ಬರತ್ತೆ, ಎರಡು ಸಾಲು ಬರೆದು ಹಾಕಿದ್ರೆ ಅಮ್ಮನಂಥೋರು ಪ್ರತಿ ಟೇಬಲಲ್ಲೂ ಕೇಳ್ಬೇಕಾಗ್ತಿರ್ಲಿಲ್ಲ. ಎಲ್ಲಕ್ಕಿಂತ ಮುಖ್ಯ, ಎಂಟು ಮಕ್ಕಳು ಸಾಲ್ಡರ್ ಮಾಡೋ ಕಡೆ ಒಂದೇ ಟೇಬಲ್ ಫ್ಯಾನು, ಹೊಗೆ ಎಲ್ಲ ಮುಖಕ್ಕೇ ಬರ್ತಿತ್ತು. ಸೀಸ ಇರತ್ತೆ, ಕೈ ತೊಳ್ಕೊಳ್ಳಿ ಅಂತ ಹೇಳಿದ್ರು ಸರಿ, ನಲ್ಲಿ ಹತ್ರ ಸೋಪೇ ಇರ್ಲಿಲ್ಲ. ಇದನ್ನ ದಯವಿಟ್ಟು ಸರಿ ಮಾಡಿ.

ಮುಂದಿನ ಸಲ ಹೋಗೋರು ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಸಾಲ್ಡರಿಂಗ್‌ಗೆ ಹೆಸರು ಬರೆಸಿಬಿಡಿ, ನಾವು ನೋಡ್ತಿದ್ದಂಗೇ ಮಧ್ಯಾಹ್ನದ ಬ್ಯಾಚ್ ಕೂಡ ಫುಲ್ ಆಯ್ತು. ಗಾಡಿ ಬೇಡ, ಗ್ರೀನ್ ಲೈನ್ ಮೆಟ್ರೋ ಹಿಡೀರಿ. ಸೋಪು ಮನೆಯಿಂದಾನೇ ತಗೊಂಡು ಹೋಗಿ.